ಕೋವಿಯ ಅರ್ಜಿಯೂ ನಮ್ಮ ನುಡಿಯೂ

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ಅಧ್ಯಾಪಕರ ಕೋಣೆಯ ಬಾಗಿಲಿಗೆ ಬಂದು ನಿಂತಳು. “ಸರ್, ಬಾಂಡ್ ಅಂದರೆ ಸಾಲ ತೆಗೆಯುವಾಗ ಬರೆದುಕೊಡುವುದೇ ಅಲ್ಲವಾ?” ಎಂದು ಕೇಳಿದಳು. ಕೈಯಲ್ಲಿ ತಿದ್ದಬೇಕಾದ ಪುಸ್ತಕಗಳ ರಾಶಿಯಿತ್ತು. ಹೌದು ಎಂದು ತಲೆಯಾಡಿಸಿ ಕಳುಹಿಸಿದೆವು. ಯಾಕೆ ಕೇಳುತ್ತಿ ಎಂದು ಒಂದು ಮಾತು ವಿಚಾರಿಸಲಿಲ್ಲ. ನಮ್ಮ ಆ ‘ಹೌದು’ ಒಂದು ಮನೆಯವರನ್ನು ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದಾಡಿಸಿತೆಂಬುದು ತಿಳಿದದ್ದು ಬಹಳ ತಡವಾಗಿ. ಇಂದು ಈ ವಿಷಯವನ್ನು ಬರೆಯುವುದಕ್ಕೆ ಅದೇ ಕಾರಣ.

ಆ ಹುಡುಗಿಯ ಅಜ್ಜನಿಗೆ ಪ್ರಾಯ ಎಪ್ಪತ್ತು ದಾಟಿದೆ. ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ. ಹಲವು ದಶಕಗಳಿಂದ ಬೆಳೆರಕ್ಷಣೆಗೆಂದು ಪರವಾನಿಗೆಯ ಕೋವಿಯೊಂದು ಅವರ ಮನೆಯಲ್ಲಿದೆ. ಕಣ್ಣು ಮಂದವಾಯಿತು, ಇನ್ನು ಮಗನ ಹೆಸರಿಗೆ ಮಾಡಿಬಿಡೋಣವೆಂದು ಅವರು ಬಯಸಿದರು. ಇದು ಕಾನೂನಿಗೆ ಒಪ್ಪಿದ ಬಯಕೆಯೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಿಗೆದಾರನಿಗೆ ಎಪ್ಪತ್ತು ವರ್ಷ ತುಂಬಿದಾಗ, ಅಥವಾ ಅವನು ಇಪ್ಪತ್ತೈದು ವರ್ಷ ಕೋವಿಯನ್ನು ಇಟ್ಟುಕೊಂಡಾಗ, ವಾರಸುದಾರರಲ್ಲಿ ಒಬ್ಬರಿಗೆ ಅದನ್ನು ಪರವಾನಿಗೆ ಸಹಿತ ವರ್ಗಾಯಿಸಲು ಅವಕಾಶವಿದೆ. ಆದರೆ ಮಗನು ಹೊಸ ಅರ್ಜಿದಾರನಂತೆ ಅರ್ಜಿ ಸಲ್ಲಿಸಬೇಕು, ಪೊಲೀಸ್ ವಿಚಾರಣೆಗೆ ಒಳಗಾಗಬೇಕು. ಅದೂ ನ್ಯಾಯವೇ.

ಹಿಂದೆ ಅರ್ಜಿಯೆಂದರೆ ಕಾಗದ. ಪೇಟೆಯಲ್ಲಿ ಬರೆದುಕೊಡುವವರಿದ್ದರು, ಗುಮಾಸ್ತನೊಡನೆ ಎರಡು ಮಾತಾಡಬಹುದಿತ್ತು. ಈಗ ದೇಶದ ಎಲ್ಲ ಕೋವಿ ಪರವಾನಿಗೆಗಳನ್ನೂ ಕೇಂದ್ರ ಗೃಹ ಮಂತ್ರಾಲಯದ ಒಂದೇ ರಾಷ್ಟ್ರೀಯ ದಾಖಲೆಯೊಳಗೆ ಸೇರಿಸಿದ್ದಾರೆ. ಪ್ರತಿಯೊಬ್ಬ ಪರವಾನಿಗೆದಾರನಿಗೂ ಒಂದು ವಿಶಿಷ್ಟ ಸಂಖ್ಯೆ. ಅದಿಲ್ಲದೆ ಪರವಾನಿಗೆಗೆ ಬೆಲೆಯಿಲ್ಲ. ಅರ್ಜಿಯನ್ನೂ ಅದರದೇ ಜಾಲತಾಣದಲ್ಲಿ ತುಂಬಬೇಕು. ಫೋಟೋ, ಸಹಿ, ಗುರುತಿನ ಚೀಟಿ, ವಾಸದ ದಾಖಲೆ, ವೈದ್ಯರ ಸರ್ಟಿಫಿಕೇಟು ಎಲ್ಲವನ್ನೂ ಅಳತೆಗೆ ತಕ್ಕಂತೆ ಕುಗ್ಗಿಸಿ ಏರಿಸಬೇಕು. ಮೊಬೈಲಿಗೆ ಬರುವ ಓಟಿಪಿಯನ್ನು ಕೆಲವೇ ನಿಮಿಷಗಳೊಳಗೆ ಒತ್ತಬೇಕು. ಆ ಮನೆಯಲ್ಲಿ ಮೊಬೈಲಿಗೆ ಸಂಕೇತ ಸಿಗುವುದು ಹಿತ್ತಿಲ ಗುಡ್ಡದ ಗೇರುಮರದ ಬುಡದಲ್ಲಿ ಮಾತ್ರ. ಅಲ್ಲಿ ಕುಳಿತು ಅರ್ಜಿ ತುಂಬಿದವಳು ನಮ್ಮ ವಿದ್ಯಾರ್ಥಿನಿ. ಯಾಕೆಂದರೆ ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಅವಳೊಬ್ಬಳೇ, ಮತ್ತು ಆ ಅರ್ಜಿಯಲ್ಲಿ ಕನ್ನಡದ ಒಂದು ಅಕ್ಷರವೂ ಅವಳ ಕಣ್ಣಿಗೆ ಬೀಳಲಿಲ್ಲ.

ಎ-1 ಎಂಬ ಆ ಅರ್ಜಿ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ. ಶಾಂತಿ ಕಾಪಾಡುವೆನೆಂದೋ ಸನ್ನಡತೆಯಿಂದ ಇರುವೆನೆಂದೋ ಬಾಂಡ್ ಬರೆದುಕೊಡಲು ನಿಮಗೆ ಆಜ್ಞೆಯಾದದ್ದುಂಟೇ, ಉಂಟಾದರೆ ಯಾವಾಗ, ಎಷ್ಟು ಅವಧಿಗೆ ಎಂದು ಅದರ ತಾತ್ಪರ್ಯ. ದಂಡ ಪ್ರಕ್ರಿಯಾ ಸಂಹಿತೆಯ ಎಂಟನೆಯ ಅಧ್ಯಾಯವೆಂದು ಕಾನೂನಿನ ಭಾಷೆಯಲ್ಲಿ ಬರೆದ ಆ ಉದ್ದನೆಯ ವಾಕ್ಯದಲ್ಲಿ ಮಗುವಿಗೆ ತಿಳಿದದ್ದು ‘ಬಾಂಡ್’ ಎಂಬ ಒಂದೇ ಶಬ್ದ. ಅಪ್ಪ ಸಹಕಾರಿ ಸಂಘದಲ್ಲಿ ಬೆಳೆಸಾಲಕ್ಕೆ ಬಾಂಡು ಬರೆದುಕೊಟ್ಟದ್ದು ಅವಳಿಗೆ ಗೊತ್ತಿತ್ತು. ಖಚಿತಪಡಿಸಿಕೊಳ್ಳಲು ನಮ್ಮಲ್ಲಿಗೆ ಬಂದಳು. ನಾವೂ ಹೌದೆಂದೆವು. ಅವಳು ‘ಹೌದು’ ಎಂದು ಗುರುತು ಹಾಕಿದಳು. ಅವಧಿಯೆಂಬಲ್ಲಿ ಸಾಲದ ಅವಧಿಯನ್ನೇ ಬರೆದಳು.

ಹೀಗೆ ಎಂದೂ ಪೊಲೀಸ್ ಠಾಣೆಯ ಮೆಟ್ಟಲು ಹತ್ತದ ಒಬ್ಬ ಕೃಷಿಕನು, ತನ್ನ ಮಗಳ ಕೈಯಿಂದಲೇ, ಶಾಂತಿಭಂಗದ ಮನುಷ್ಯನೆಂದು ಸರಕಾರದ ದಾಖಲೆಯಲ್ಲಿ ಬರೆಯಲ್ಪಟ್ಟನು. ಅರ್ಜಿ ಆಕ್ಷೇಪಣೆಯೊಡನೆ ಹಿಂದೆ ಬಂತು. ಆ ಆಕ್ಷೇಪಣೆಯೂ ಅವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ವಿಚಾರಣೆಗೆ ಹೋದಾಗ ಅವರು ಹೇಳಿದ್ದನ್ನು ಮಲಯಾಳದಲ್ಲಿ ಬರೆದುಕೊಂಡು ಸಹಿ ಹಾಕಿಸಿದರು. ಬರೆದವರು ಕೆಟ್ಟವರಲ್ಲ, ಸೌಜನ್ಯದಿಂದಲೇ ನಡೆದುಕೊಂಡರಂತೆ. ಸಂತೆಯ ಮಲಯಾಳ ನಮ್ಮ ಕೃಷಿಕರಿಗೆಲ್ಲ ಬರುತ್ತದೆ, ಆದರೆ ಮಾತಾಡುವುದು ಬೇರೆ, ಓದಿ ಸಹಿ ಹಾಕುವುದು ಬೇರೆ. ಅಷ್ಟರಲ್ಲಿ ಅಜ್ಜನ ಪರವಾನಿಗೆಯ ಅವಧಿ ತೀರಿತು. ಅವಧಿ ತೀರಿದ ಪರವಾನಿಗೆಯ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಅವರು ಕಾನೂನಿಗೆ ತಲೆಬಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆದು ಬಂದರು. ಈಗ ರಾತ್ರಿ ಹಂದಿ ಬಂದರೆ ತಗಡು ಬಡಿಯುತ್ತಾರೆ.

ಓದುಗರಲ್ಲಿ ಕೆಲವರು ಕೇಳಬಹುದು: ಕೋವಿಯೆಂದರೆ ರೇಶನ್ ಕಾರ್ಡೇ? ಅಷ್ಟು ಸುಲಭವಾಗಿ ಕೊಡಲಾದೀತೇ? ಈ ಪ್ರಶ್ನೆಯನ್ನು ನಾವೂ ಗೌರವಿಸುತ್ತೇವೆ. ಕೋವಿ ಕೊಲ್ಲುವ ವಸ್ತು. ಅದರ ವಿಷಯದಲ್ಲಿ ಸರಕಾರ ಬಿಗಿಯಾಗಿರುವುದೇ ಸರಿ. 1959ರ ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ತಿದ್ದುಪಡಿ ತಂದು, ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದರು, ಪರವಾನಿಗೆಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದರು. ಎರಡೂ ವಿವೇಕದ ಮಾತು. ರಾಷ್ಟ್ರೀಯ ದಾಖಲೆಯೂ ಬೇಕಾದದ್ದೇ. ಹಿಂದೆ ಒಬ್ಬನೇ ಎರಡು ಮೂರು ಕಡೆ ಪರವಾನಿಗೆ ಪಡೆದರೆ ಹಿಡಿಯುವ ದಾರಿಯಿರಲಿಲ್ಲ, ಈಗ ಉಂಟು.

ಆದರೆ ಬಿಗಿ ಮಾಡುವುದು ಬೇರೆ, ತಿಳಿಯದಂತೆ ಮಾಡುವುದು ಬೇರೆ. ಅದೇ ನಿಯಮಗಳಲ್ಲಿ ಎಸ್-2 ಎಂಬ ಇನ್ನೊಂದು ನಮೂನೆಯಿದೆ. ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇನೆ, ಜಾಗರೂಕತೆಯಿಂದ ಬಳಸುತ್ತೇನೆ ಎಂದು ಅರ್ಜಿದಾರನು ಕೊಡುವ ವಾಗ್ದಾನಪತ್ರ ಅದು. ಇಡೀ ಕಟ್ಟಿನಲ್ಲಿ ಅದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲವೆಂಬುದು ನಮ್ಮ ಎಣಿಕೆ. ಮನೆಯಲ್ಲಿ ಮಕ್ಕಳಿದ್ದಾರೆ, ನೆರೆಹೊರೆಯಿದೆ, ಕೋಪ ತಾಪಗಳಿವೆ. ಹೀಗಿರುವಾಗ ಓದಲು ಬಾರದ ಭಾಷೆಯಲ್ಲಿರುವ ವಾಗ್ದಾನಕ್ಕೆ ಸಹಿ ಹಾಕಿಸಿಕೊಂಡರೆ ಅದರಿಂದ ರಕ್ಷಣೆಯಾಗುವುದು ಯಾರಿಗೆ? ತಿಳಿಯದೆ ಕೊಟ್ಟ ಮಾತು ಮಾತೇ ಅಲ್ಲ. ಆದ್ದರಿಂದ ನಾವು ಕನ್ನಡದಲ್ಲಿ ಕೇಳುತ್ತಿರುವುದು ಕೋವಿ ಸುಲಭವಾಗಿ ಸಿಗಲೆಂದಲ್ಲ. ಕೋವಿ ಹಿಡಿಯುವವನಿಗೆ ತಾನು ಏನನ್ನು ಒಪ್ಪಿಕೊಂಡೆನೆಂಬುದು ಗೊತ್ತಿರಲಿ ಎಂದು. ಇದು ಅಲ್ಪಸಂಖ್ಯಾತರ ಅನುಕೂಲದ ಮಾತಿಗಿಂತ ಹೆಚ್ಚಾಗಿ ಎಲ್ಲರ ಸುರಕ್ಷಿತತೆಯ ಮಾತು.

ಕೋವಿಯ ಅಗತ್ಯ ನಮ್ಮ ಕಡೆ ಇಲ್ಲವೆಂದು ಪಟ್ಟಣದವರು ಮಾತ್ರ ಹೇಳಿಯಾರು. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆಯ ತೋಟಗಳನ್ನು ಕಂಡವರು ಹೇಳರು. ಒಂದು ರಾತ್ರಿ ಹಂದಿಯ ಹಿಂಡು ಗದ್ದೆಗಿಳಿದರೆ ನಾಲ್ಕು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ಮಣ್ಣುಪಾಲು. ಬಾಳೆಯ ಬುಡ, ಮರಗೆಣಸು, ಅಡಿಕೆಯ ಎಳೆಗಿಡ ಯಾವುದನ್ನೂ ಅದು ಬಿಡದು. ಕಾಯಿದೆಯೂ ಇದನ್ನು ಬಲ್ಲದು. 1959ರ ಕಾಯಿದೆಯ 13ನೇ ವಿಧಿಯಲ್ಲಿ ಬೆಳೆರಕ್ಷಣೆಗಾಗಿ ಇಡುವ ಮದ್ದು ತುಂಬುವ ಕೋವಿಯನ್ನು ಪ್ರತ್ಯೇಕವಾಗಿಯೇ ಹೇಳಿದ್ದಾರೆ. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಿಗೆ ನಿರಾಕರಿಸಬಾರದೆಂದು 14ನೇ ವಿಧಿಯಲ್ಲಿದೆ. ಬಡ ಕೃಷಿಕನನ್ನು ಕಣ್ಣಮುಂದಿಟ್ಟುಕೊಂಡೇ ಬರೆದ ಮಾತುಗಳಿವು.

2022ರಲ್ಲಿ ಕೇರಳ ಸರಕಾರವು ಬೆಳೆಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೂ ನಗರಸಭೆಗಳ ಮುಖ್ಯಸ್ಥರಿಗೂ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ ತಂತಿಗಳನ್ನು ಬಳಸಕೂಡದು, ಪರವಾನಿಗೆಯುಳ್ಳ ಕೋವಿಯಿಂದಲೇ ಆಗಬೇಕೆಂದು ಕಟ್ಟಳೆ. ಒಳ್ಳೆಯದೇ. ವಿದ್ಯುತ್ ತಂತಿ ಎಳೆದವರು ಹಂದಿಯ ಬದಲು ಮನುಷ್ಯರನ್ನೇ ಕೊಂದ ಸುದ್ದಿಗಳನ್ನು ಈ ಪತ್ರಿಕೆಗಳಲ್ಲೇ ಎಷ್ಟೋ ಸಲ ಓದಿದ್ದೇವೆ. ಆದರೆ ಪರವಾನಿಗೆಯ ಕೋವಿಗಳು ಒಂದೊಂದಾಗಿ ಮುದುಕರೊಡನೆ ಮೂಲೆಗೆ ಸೇರಿ, ಮಕ್ಕಳ ಅರ್ಜಿಗಳು ಒಂದು ಶಬ್ದದ ಮೇಲೆ ಎಡವಿ ಬಿದ್ದರೆ, ಅಧ್ಯಕ್ಷರು ಅನುಮತಿ ಕೊಡುವುದು ಯಾರಿಗೆ? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಲ್ಲಿ ಪೂಜಾರಿಯಾದರೂ ಮನುಷ್ಯ. ಅವನ ಕಾಲು ಹಿಡಿಯಬಹುದು. ಜಾಲತಾಣಕ್ಕೆ ಕಾಲೂ ಇಲ್ಲ, ಕಿವಿಯೂ ಇಲ್ಲ.

ಮೂಡಣ ಮಲೆಗಳನ್ನು ದಾಟಿದರೆ ಕೊಡಗು. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಿಗೆಯ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. ಅದು ಅವರ ಇತಿಹಾಸ, ಅವರ ಸಂಪ್ರದಾಯ. ನಮಗೆ ಅದು ಬೇಡ, ನಾವು ಕೇಳುತ್ತಲೂ ಇಲ್ಲ. ನಮಗೆ ಪರವಾನಿಗೆಯೂ ಬೇಕು, ವಿಚಾರಣೆಯೂ ಬೇಕು. ಪ್ರಶ್ನೆ ಮಾತ್ರ ತಿಳಿಯಬೇಕು.

ಆನ್‌ಲೈನ್ ಎಂಬುದೇ ತಪ್ಪೆಂದು ಹೇಳುವವರ ಪಕ್ಷವನ್ನೂ ನಾವು ಹಿಡಿಯುವುದಿಲ್ಲ. ಅಮೆರಿಕದ ಉದಾಹರಣೆ ನೋಡೋಣ. ಅಲ್ಲಿ ಕೋವಿಗೆ ಕಾಗದವೇ ಬೇಡವೆಂದು ನಮ್ಮಲ್ಲಿ ಹಲವರ ನಂಬಿಕೆ. ಸಾಮಾನ್ಯ ಬಂದೂಕುಗಳ ಕೇಂದ್ರ ನೋಂದಣಿ ಅಲ್ಲಿ ಇಲ್ಲ, ಅಂಥ ಪಟ್ಟಿಯನ್ನು ಮಾಡಕೂಡದೆಂದೇ 1986ರ ಕಾಯಿದೆ ಹೇಳುತ್ತದೆ. ಆದರೆ ಮೆಷಿನ್‌ಗನ್, ಮೊಟಕು ನಳಿಗೆಯ ಬಂದೂಕು, ಸದ್ದಡಗಿಸುವ ಸಾಧನ ಮುಂತಾದವುಗಳಿಗೆ 1934ರ ಕಾಯಿದೆಯಂತೆ ಕೇಂದ್ರ ಸರಕಾರದ ನೋಂದಣಿ ಕಡ್ಡಾಯ. ಬೆರಳಚ್ಚು, ಭಾವಚಿತ್ರ, ಅರ್ಜಿ ಎಲ್ಲವೂ ಬೇಕು. ಅದರ ತೆರಿಗೆ 1934ರಿಂದ 200 ಡಾಲರೇ ಇತ್ತು. 2026ರ ಜನವರಿ 1ರಿಂದ ಮೆಷಿನ್‌ಗನ್ ಮತ್ತು ಸ್ಫೋಟಕ ವರ್ಗಗಳನ್ನು ಬಿಟ್ಟು ಉಳಿದವುಗಳಿಗೆ ತೆರಿಗೆಯನ್ನು ಸೊನ್ನೆ ಮಾಡಿದರು, ನೋಂದಣಿಯನ್ನು ಮಾತ್ರ ಬಿಡಲಿಲ್ಲ. ಈ ಅರ್ಜಿಗಳು ಕಾಗದದಲ್ಲಿದ್ದಾಗ ಅಲ್ಲಿಯೂ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. 2021ರ ಡಿಸೆಂಬರಿನಲ್ಲಿ ಹೊಸ ಆನ್‌ಲೈನ್ ವ್ಯವಸ್ಥೆ ಬಂದ ಬಳಿಕ, ಕ್ರಮೇಣ ಹಲವರಿಗೆ ಕೆಲವೇ ದಿನಗಳಲ್ಲಿ ಉತ್ತರ ಸಿಗತೊಡಗಿತು. ಅಂದರೆ ಯಂತ್ರ ಶತ್ರುವಲ್ಲ. ತುಂಬುವವನಿಗೆ ಪ್ರಶ್ನೆ ಅರ್ಥವಾದರೆ ಯಂತ್ರ ಕೆಲಸವನ್ನು ಹಗುರ ಮಾಡುತ್ತದೆ. ಅರ್ಥವಾಗದಿದ್ದರೆ ಅದೇ ಯಂತ್ರ ತಪ್ಪನ್ನು ಅಷ್ಟೇ ವೇಗದಿಂದ ಕಚೇರಿಗೆ ತಲುಪಿಸುತ್ತದೆ.

ಇನ್ನು ಹಕ್ಕಿನ ಮಾತು. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಗಡಿ ಬದಲಾದಾಗ ನಮ್ಮ ತೋಟ ಗದ್ದೆಗಳು ಜಾಗ ಬಿಟ್ಟು ಕದಲಲಿಲ್ಲ. ಹಾಗೆ ಉಳಿದವರಿಗಾಗಿಯೇ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳರಿಗೂ ಕನ್ನಡಿಗರಿಗೂ ತಮ್ಮ ಭಾಷೆಯಲ್ಲಿ ಸರಕಾರದೊಡನೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಕಚೇರಿಗಳೊಡನೆಯೂ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಬರೆದಿಟ್ಟರು. ಸಂವಿಧಾನದ 350ನೇ ವಿಧಿಯ ಪ್ರಕಾರ, ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿಯೋ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗೂ ಸಲ್ಲಿಸಬಹುದು.

ಕೋವಿಯ ಅರ್ಜಿ ಈ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದಿದೆ. ನಮೂನೆ ಕೇಂದ್ರದ್ದು, ಆದ್ದರಿಂದ ನಾವೇನೂ ಮಾಡಲಾಗದೆಂದು ಇಲ್ಲಿಯವರು ಹೇಳಬಹುದು. ಪರವಾನಿಗೆ ಕೊಡುವವರು ಜಿಲ್ಲೆಯವರು, ಅವರನ್ನೇ ಕೇಳಿ ಎಂದು ಅಲ್ಲಿಯವರು ಹೇಳಬಹುದು. ಇಬ್ಬರ ಮಾತಿನಲ್ಲೂ ಸತ್ಯವಿದೆ, ನಮಗೆ ಮಾತ್ರ ಉತ್ತರವಿಲ್ಲ. ಕನ್ನಡ ಎಂಟನೆಯ ಪರಿಚ್ಛೇದದ ಭಾಷೆ. ಒಂದು ನಮೂನೆಯನ್ನು ಒಂದೇ ಸಲ ಕನ್ನಡಕ್ಕೆ ತಂದರೆ ಬೀದರಿನಿಂದ ಕಾಸರಗೋಡಿನ ತನಕ ಎಲ್ಲರಿಗೂ ಸಾಕು. ಹಾಗಾಗಿ ಇದು ನಮ್ಮೊಬ್ಬರ ದುಬಾರಿ ಬೇಡಿಕೆಯೂ ಅಲ್ಲ.

ಹೆಸರಿನ ಸಂಕಟವನ್ನೂ ಹೇಳಲೇಬೇಕು. ಶಾಲೆಯ ದಾಖಲೆಯಲ್ಲಿ ‘ನಾರಾಯಣ’ ಎಂದಿರುವವನು ಮಲಯಾಳದ ಕಾಗದದಲ್ಲಿ ‘ನಾರಾಯಣನ್’ ಆಗುತ್ತಾನೆ, ‘ಶಂಕರ’ನು ‘ಶಂಕರನ್’ ಆಗುತ್ತಾನೆ. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮೂರನೆಯ ರೂಪ ಹುಟ್ಟುತ್ತದೆ. ಗುಮಾಸ್ತನು ನೋಡಿದರೆ ಇಬ್ಬರೂ ಒಬ್ಬನೇ ಎಂದು ನಕ್ಕು ಮುಂದೆ ಹೋದಾನು. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ಯಂತ್ರಕ್ಕೆ ಅವರು ಮೂವರು. ನಮ್ಮ ಮಕ್ಕಳ ಸರ್ಟಿಫಿಕೇಟುಗಳಲ್ಲಿ ಇದನ್ನು ಪ್ರತಿ ವರ್ಷ ಕಾಣುತ್ತೇವೆ. ಕೋವಿಯ ಅರ್ಜಿಯಲ್ಲಿ ಇದು ಇನ್ನೂ ಕಠಿಣ, ಯಾಕೆಂದರೆ ಅಲ್ಲಿ ಪ್ರತಿಯೊಂದು ವ್ಯತ್ಯಾಸವೂ ಸಂಶಯಕ್ಕೆ ಕಾರಣ.

ಆದ್ದರಿಂದ ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟು. ಅರ್ಜಿಯ ಪ್ರಶ್ನೆಗಳ ಕನ್ನಡ ಅನುವಾದವನ್ನು ಅಚ್ಚು ಹಾಕಿಸಿ ಕನ್ನಡ ಪ್ರದೇಶದ ಪಂಚಾಯತು, ಗ್ರಾಮ ಮತ್ತು ತಾಲೂಕು ಕಚೇರಿಗಳಲ್ಲಿ ತೂಗಹಾಕಲಿ. ಉತ್ತರವನ್ನು ಇಂಗ್ಲಿಷಿನಲ್ಲೇ ತುಂಬೋಣ, ಪ್ರಶ್ನೆ ತಿಳಿದರೆ ಸಾಕು. ಸುರಕ್ಷಿತತೆಯ ವಾಗ್ದಾನಪತ್ರವನ್ನು ಸಹಿಗೆ ಮುನ್ನ ಕನ್ನಡದಲ್ಲಿ ಓದಿಹೇಳುವ ಕ್ರಮ ಬರಲಿ. ಪೊಲೀಸ್ ವಿಚಾರಣೆಯ ಹೇಳಿಕೆಯನ್ನೂ ಹಾಗೆಯೇ ಓದಿಹೇಳಲಿ. ತಿಂಗಳಿಗೊಂದು ದಿನ ಕನ್ನಡ ಬಲ್ಲ ನೌಕರರೊಬ್ಬರು ತಾಲೂಕು ಕಚೇರಿಯಲ್ಲಿ ಇಂಥ ಅರ್ಜಿಗಳಿಗೆಂದು ಕುಳಿತುಕೊಳ್ಳಲಿ. ಹೆಸರಿನ ವ್ಯತ್ಯಾಸಕ್ಕೆ ಇಬ್ಬರೂ ಒಬ್ಬನೇ ಎಂಬ ಸರ್ಟಿಫಿಕೇಟನ್ನು ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೇಳದಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಡ.

ನಮ್ಮವರಿಗೂ ಎರಡು ಮಾತು ಹೇಳಬೇಕಾಗಿದೆ. ಪರವಾನಿಗೆಯ ಕೊನೆಯ ವಾರದ ತನಕ ಸುಮ್ಮನೆ ಕುಳಿತು ಆಮೇಲೆ ಓಡಾಡುವುದು ನಮ್ಮ ಹಳೆಯ ಚಾಳಿ. ಎರಡು ಮೂರು ತಿಂಗಳು ಮೊದಲೇ ತೊಡಗಬೇಕು. ಅರ್ಥವಾಗದ ಪ್ರಶ್ನೆಗೆ ಊಹೆಯ ಉತ್ತರ ಕೂಡದು. ಕಳುಹಿಸಿದ ಅರ್ಜಿಯ ಪ್ರತಿಯನ್ನು ತೆಗೆದಿಡಬೇಕು. ಅರ್ಜಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವ ಹಕ್ಕು 14ನೇ ವಿಧಿಯಲ್ಲೂ ಮೇಲ್ಮನವಿಯ ಹಕ್ಕು 18ನೇ ವಿಧಿಯಲ್ಲೂ ಇದೆ. ಅದನ್ನು ಬಳಸಬೇಕು. ದುಡ್ಡು ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇನೆಂಬವನ ಕೈಗೆ ಓಟಿಪಿ ಒಪ್ಪಿಸಬಾರದು. ಮುಖ್ಯವಾಗಿ, ಶಾಲೆಗೆ ಹೋಗುವ ಮಗುವಿನ ತಲೆಯ ಮೇಲೆ ಮನೆಯ ಕಾನೂನುಭಾರವನ್ನು ಹೊರಿಸಬಾರದು. ತನ್ನಿಂದ ಅಪ್ಪನಿಗೆ ಹೀಗಾಯಿತೆಂದು ಆ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ತಪ್ಪು ಅವಳದ್ದಲ್ಲವೆಂದು ಅವಳ ಮನೆಗೆ ಹೋಗಿ ನಾವೇ ಹೇಳಬೇಕಾಯಿತು.

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ವರ್ಷ ವರ್ಷವೂ ಮಕ್ಕಳಿಗೆ ಮುಖ್ಯೋಪಾಧ್ಯಾಯರಿಗೆ ರಜೆಯ ಅರ್ಜಿ ಬರೆಯಲು ಕಲಿಸುತ್ತೇವೆ. ಜೀವನದಲ್ಲಿ ಅವರು ತುಂಬಬೇಕಾದ ಒಂದು ನಮೂನೆಯನ್ನೂ ತರಗತಿಗೆ ತಂದು ತೋರಿಸಿಲ್ಲ. ಆ ಪ್ರಶ್ನೆಯನ್ನು ಪೂರ್ತಿಯಾಗಿ ಓದಿದಾಗ ನಮಗೂ ಕೂಡಲೇ ಅರ್ಥವಾಗಲಿಲ್ಲ, ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಈ ವರ್ಷದಿಂದ ವಾರಕ್ಕೊಂದು ಗಂಟೆ ಅರ್ಜಿ ನಮೂನೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪಾಠವನ್ನು ನಮ್ಮ ಶಾಲೆಯಲ್ಲಿ ತೊಡಗಿದ್ದೇವೆ. ಉಳಿದ ಶಾಲೆಗಳವರೂ ಯೋಚಿಸಲಿ.

ಅವಳ ಮನೆಗೆ ಹೋದ ದಿನ ವಕೀಲರು ಹೇಳಿದ್ದನ್ನು ಅಜ್ಜನಿಗೆ ವಿವರಿಸಿದೆವು. ಜಗಳ ಗಲಾಟೆ ಮಾಡಿದವರಿಂದ ಇನ್ನು ಹಾಗೆ ಮಾಡುವುದಿಲ್ಲವೆಂದು ಮ್ಯಾಜಿಸ್ಟ್ರೇಟರು ಬರೆಸಿಕೊಳ್ಳುವುದುಂಟಲ್ಲ, ಅದು ಎಂದೆವು. ಅವರು ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ ನಮ್ಮ ಮುಖ ನೋಡಿದರು.

“ಮುಚ್ಚಳಿಕೆಯಾ ಮಾಷ್ಟ್ರೇ? ಮುಚ್ಚಳಿಕೆ ಅಂತ ಒಂದು ಮಾತು ಬರೆದಿದ್ದರೆ ನನಗೇ ಗೊತ್ತಾಗುತ್ತಿತ್ತಲ್ಲ. ನಮ್ಮ ಮನೆಯಲ್ಲಿ ಅಂಥದ್ದು ಯಾರೂ ಬರೆದುಕೊಟ್ಟವರಿಲ್ಲ.”

ಆ ಒಂದು ಶಬ್ದವನ್ನು ಸರಕಾರ ಬರೆಯಲಿ. ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ.